ಕೈಚೀಲದೊಳಗಿನ ಹುಳುಮನೆ

ಹಾಗಲಕಾಯಿ ಆರಿಸುತ್ತಿದ್ದೆ. ಇಟ್ಟಮಡುವಿನ ನಮ್ಮ ಬೀದಿಯ ಕೊನೆಯ ತರಕಾರಿ ಅಂಗಡಿ, ಸಂಜೆಯ ಗಿಜಿಗಿಜಿ. ಅಷ್ಟರಲ್ಲಿ ನನ್ನ ಕೈಚೀಲದೊಳಗಿಂದ ಸರಸರ, ಕರಕರ ಎಂದು ಎಲೆ ಅಗಿಯುವ ಸದ್ದು ಬಂತು. ತೂಕ ಹಾಕುತ್ತಿದ್ದ ಅಂಗಡಿಯವನು ಕೈ ತಡೆದು ಚೀಲವನ್ನೇ ನೋಡಿದ.

“ಮೇಡಂ, ಒಳಗೆ ಏನಾದ್ರೂ ಜೀವ ಇದೆಯಾ?”

“ಹುಳು” ಎಂದೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಪಕ್ಕದಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಬಿಡಿಸಿ ನೋಡುತ್ತಿದ್ದ ಹೆಂಗಸು ಇನ್ನೂ ದೂರ ಸರಿದಳು. ನಾನು ಫೋನ್ ಹೊರಗೆ ತೆಗೆದು, ಇದು ಆಟದ ಹುಳು, ಮೇವಿನ ಹೊತ್ತಾಯಿತೆಂದು ಕೂಗುತ್ತಿದೆ ಅಷ್ಟೇ ಎಂದು ಸಮಜಾಯಿಷಿ ಕೊಟ್ಟೆ.

“ಸದ್ಯ! ನನ್ನ ಹಾಗಲಕಾಯೀಲಿ ಹುಳ ಇದೆ ಅಂತಿದ್ದೀರ ಅಂದ್ಕೊಂಡೆ. ನಮ್ಮನೇಲಿ ಮಕ್ಕಳು ಆಡ್ತಾವೆ ಮೇಡಂ ಇದನ್ನ. ನೀವೂನಾ?”

ಹೌದು, ನಾನೂ. ಐವತ್ತು ದಾಟಿದ, ಬನಶಂಕರಿಯ ಒಂದು ಕಾಲೇಜಿನಲ್ಲಿ ಪುಸ್ತಕಗಳನ್ನು ಜೋಡಿಸಿಡುವ, ಮನೆಯಲ್ಲಿ ಜಿರಲೆ ಕಂಡರೆ ಗಂಡನನ್ನು ಕೂಗುವ ನಾನು ಫೋನಿನೊಳಗೆ ರೇಷ್ಮೆ ಹುಳು ಸಾಕುತ್ತಿದ್ದೇನೆ. ಆದರೆ ಅಂದು ಅಂಗಡಿಯಲ್ಲಿ ಚೀಲದ ಜಿಪ್ಪು ಎಳೆಯುತ್ತ ನಕ್ಕದ್ದು ಬರೀ ತೋರಿಕೆಗೆ. ಆ ಸದ್ದು ನನಗೆ ಗೊತ್ತಿರುವ ಸದ್ದು. ಗೊತ್ತಿದೆ ಎಂಬುದು ನಿಜವೇ, ನನ್ನ ತಲೆ ಕಟ್ಟಿದ ಕಥೆಯೇ ಎಂಬುದೇ ಆಗ ನನ್ನನ್ನು ತಿನ್ನುತ್ತಿದ್ದ ಭಯ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇಂಥ ಆಟಗಳ ಪರಿಚಯ ನಿಮಗಿರಬಹುದು. ಇಲ್ಲದವರಿಗಾಗಿ ಹೇಳುತ್ತೇನೆ. ಕಣ್ಣು ಬಿಟ್ಟರೆ ಒಂದು ಕಾಡು. ಮೈಮೇಲೆ ಹರಕು ಅಂಗಿ. ಕಡ್ಡಿ ಆಯಬೇಕು, ಕಲ್ಲು ಆಯಬೇಕು, ತೊಗಟೆಯಿಂದ ನಾರು ಸುಲಿಯಬೇಕು, ನೀರು ಹುಡುಕಬೇಕು. ಅಕ್ಕಪಕ್ಕದಲ್ಲಿ ಎಲ್ಲೆಲ್ಲಿಯದೋ ಊರುಗಳ ಜನ ಹೀಗೆಯೇ ಕಡ್ಡಿ ಆಯುತ್ತಿರುತ್ತಾರೆ. ಅವರಲ್ಲಿ ಕೆಲವರು ನೀವು ಆಯ್ದಿಟ್ಟ ಕಡ್ಡಿಯನ್ನೂ ಆಯ್ದುಕೊಂಡು ಹೋಗುತ್ತಾರೆ. ಪೊದೆಯಲ್ಲಿ ತೋಳ. ಎಲ್ಲಕ್ಕಿಂತ ದೊಡ್ಡ ಶತ್ರು ಚಳಿಗಾಲ. ಅದು ಬರುವುದರೊಳಗೆ ಹಿಪ್ಪುನೇರಳೆ ಸೊಪ್ಪು ಕಿತ್ತು, ಪೆಟ್ಟಿಗೆಯಲ್ಲಿ ಹುಳು ಸಾಕಿ, ಗೂಡು ಬಿಡಿಸಿ, ನೂಲು ತೆಗೆದು, ಬೆಚ್ಚನೆಯ ಅಂಗಿ ಹೊಲಿದುಕೊಂಡಿರಬೇಕು. ಇಲ್ಲದಿದ್ದರೆ ಮರಗಟ್ಟಿ ಸಾಯುತ್ತೀರಿ. ಸತ್ತರೆ ಮತ್ತೆ ಅದೇ ಹರಕು ಅಂಗಿ, ಅದೇ ಕಡ್ಡಿ.

ನನ್ನನ್ನು ಈ ಕಾಡಿಗೆ ಕರೆದುಕೊಂಡು ಹೋದವಳು ಮಗಳು ಮೇಘನಾ. ಕುಮಾರಸ್ವಾಮಿ ಲೇಔಟಿನ ಇಳಿಜಾರಿನಲ್ಲಿ ಸ್ಕೂಟರಿನಿಂದ ಬಿದ್ದು ಪಾದದ ಗೆಣ್ಣು ಮುರಿದುಕೊಂಡು ಮನೆಯಲ್ಲಿ ಕೂತಿದ್ದಳು. ಆಡಿಟರ್ ಆಫೀಸಿನ ಕೆಲಸವಿಲ್ಲ, ಗೆಳತಿಯರು ಬಂದು ಪ್ಲಾಸ್ಟರಿನ ಮೇಲೆ ಚಿತ್ರ ಬರೆದು ಹೋದ ಮೇಲೆ ಬೇರೆ ಮನರಂಜನೆಯೂ ಇಲ್ಲ. “ಅಮ್ಮ, ಬಾ, ನೀನು ಹುಳು ನೋಡ್ಕೋ, ನಾನು ತೋಳ ನೋಡ್ಕೋತೀನಿ” ಎಂದಳು. ನಾನು ಒಪ್ಪಿದೆ. ಮೂಳೆ ಕೂಡಿತು, ಅವಳು ಆಫೀಸಿಗೆ ಹೋದಳು. ನಾನು ಕಾಡಿನಲ್ಲೇ ಉಳಿದೆ.

ಆಟದಲ್ಲಿ ನಾನು ಮೊದಲ ದಿನದಿಂದಲೂ ಹುಳುಗಳ ವಿಷಯದಲ್ಲಿ ಶಿಸ್ತಿನ ಮುದುಕಿ. ಹುಳುಪೆಟ್ಟಿಗೆಗೆ ಬೇರೆ ಗುಡಿಸಲು ಬೇಕೆಂದು ಹಟ ಹಿಡಿದೆ. ಮಳೆಯಲ್ಲಿ ಕಿತ್ತ ಸೊಪ್ಪನ್ನು ಹಾಕಬೇಡ ಎಂದು ಮಗಳಿಗೆ ಬೈದೆ. ಗುಡಿಸಲುಗಳ ಬಳಿ ಬೆಂಕಿ ಹಚ್ಚುವುದಕ್ಕಂತೂ ಬಿಡಲೇ ಇಲ್ಲ.

“ಬೆಂಕಿ ಬೇಡ ಕಣೇ, ಹುಳುಗೆ ಹೊಗೆ ತಾಗತ್ತೆ.”

“ಅಮ್ಮ, ಇದು ಗೇಮು. ಇದ್ರಲ್ಲಿ ಹೊಗೆಗೆ ಹುಳು ಸಾಯಲ್ಲ. ಚಳಿಗೆ ನೀನು ಸಾಯ್ತೀಯ.”

ಸತ್ತೆ. ಹುಳುಗಳ ಗುಡಿಸಲಿನ ಬಾಗಿಲಲ್ಲಿ ಕಾವಲುಗಾರ್ತಿಯಂತೆ ನಿಂತಲ್ಲೇ ನೀಲಿಯಾಗಿ ಸತ್ತೆ. ಒಳಗೆ ಹುಳುಗಳು ಮಾತ್ರ ಸುಖವಾಗಿ ಸೊಪ್ಪು ಮೇಯುತ್ತಿದ್ದವು. ಮೇಘನಾ ಅದರ ಫೋಟೋ ತೆಗೆದು ನೆಂಟರ ಗುಂಪಿಗೆಲ್ಲ ಕಳಿಸಿದಳು.

ನನ್ನ ಗಂಡ ನಿವೃತ್ತರಾದವರು. ಮನೆಯಲ್ಲಿ ನಡೆಯುವ ಯಾವುದನ್ನೂ ಬಿಡದೆ ಗಮನಿಸುತ್ತಾರೆ. ಅಂದು ಪತ್ರಿಕೆ ಮಡಿಸಿಟ್ಟು ಕೇಳಿದರು. “ಅಲ್ವೇ, ಹೊಗೆ ಆಗಲ್ಲ, ಒದ್ದೆ ಸೊಪ್ಪು ಆಗಲ್ಲ, ಇದೆಲ್ಲ ನಿನಗೆ ಯಾರು ಹೇಳ್ಕೊಟ್ರು? ಆಟದೋರೇ ಹೇಳಿಲ್ಲವಲ್ಲ.”

“ದೊಡ್ಡಮ್ಮನ ಮನೇಲಿ ನೋಡಿದ್ದೀನಿ” ಎಂದೆ. ಎಷ್ಟು ಸಲೀಸಾಗಿ ಎಂದೆ!

ನನ್ನ ನೆನಪಿನಲ್ಲಿ ಇರುವುದು ಇಷ್ಟು. ಅಮ್ಮನ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಕನಕಪುರದ ಆಚೆಯ ಒಂದು ಹಳ್ಳಿಯಲ್ಲಿದ್ದರು. ಶಾಲೆಗೆ ರಜೆ ಬಂದಾಗ ಅಣ್ಣನನ್ನೂ ನನ್ನನ್ನೂ ಅಲ್ಲಿಗೆ ಕಳಿಸುತ್ತಿದ್ದರು. ನಡುಮನೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ನಾವೆಲ್ಲ ಜಗಲಿಯಲ್ಲಿ ಮಲಗುತ್ತಿದ್ದೆವು. ಒಳಗೆ ಅಟ್ಟಣೆಯ ಮೇಲೆ ಅಗಲವಾದ ಬಿದಿರಿನ ತಟ್ಟೆಗಳು, ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು. ಹೊಸಿಲಾಚೆ ಸುಣ್ಣದ ಪುಡಿ ಚೆಲ್ಲಿರುತ್ತಿತ್ತು. ಕಾಲು ತೊಳೆದು, ಅದನ್ನು ತುಳಿದೇ ಒಳಗೆ ಹೋಗಬೇಕು. ಹೂ ಮುಡಿದವರಿಗೆ, ಸೆಂಟು ಹಾಕಿದವರಿಗೆ ಪ್ರವೇಶವಿಲ್ಲ. ಮದುವೆಗೆ ಕರೆಯಲು ಬಂದವರನ್ನೂ ದೊಡ್ಡಮ್ಮ ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು. ಒಳಗಿನಿಂದ ಹಗಲಿಡೀ ಆ ಸದ್ದು, ಸರಸರ, ಕರಕರ.

ಹುಳುಗಳು ಬೆಳೆಯುವಾಗ ನಡುನಡುವೆ ಮೇವು ಬಿಟ್ಟು ಚರ್ಮ ಕಳಚಿಕೊಳ್ಳುತ್ತವೆ. ಅದನ್ನು ಅಲ್ಲಿಯವರು ಜ್ವರ ಎನ್ನುತ್ತಾರೆ. ಒಂದು ಮಧ್ಯಾಹ್ನ ನಾನು ಒಳಗೆ ಹೋದಾಗ ಸದ್ದು ನಿಂತುಹೋಗಿತ್ತು. ತಟ್ಟೆಯ ಮಟ್ಟಕ್ಕೆ ನನ್ನ ಕಣ್ಣು. ಅಲ್ಲಿ ಅಷ್ಟೂ ಹುಳುಗಳು ತಲೆ ಎತ್ತಿ, ಅಲುಗದೆ ನಿಂತಿದ್ದವು, ಯಾರೋ ಹೆಸರು ಹಿಡಿದು ಕರೆದಂತೆ. ನಾನು ಕಿರುಚಲು ಬಾಯಿ ತೆರೆದೆ. ಹಿಂದಿನಿಂದ ಒಂದು ಕೈ ಬಂದು ಬಾಯಿ ಮುಚ್ಚಿತು. ಸೊಪ್ಪಿನ ವಾಸನೆಯ ಕೈ. “ಶ್, ಅವಕ್ಕೆ ಜ್ವರ” ಎಂದ ಅಣ್ಣ.

ಇದನ್ನೆಲ್ಲ ಗಂಡನಿಗೂ ಮಗಳಿಗೂ ಹೇಳಿ, ಹೇಳಿದ ಉತ್ಸಾಹದಲ್ಲೇ ಜಯನಗರದಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಅಣ್ಣ ನಮ್ಮ ಮನೆತನದ ನೆನಪಿನ ಖಜಾನೆ. ಯಾರ ಮದುವೆ ಯಾವ ಛತ್ರದಲ್ಲಾಯಿತು, ಯಾವ ಸೋದರತ್ತೆಗೆ ಯಾರ ಮೇಲೆ ಯಾಕೆ ಮುನಿಸು, ನಾವು ಚಿಕ್ಕವರಿದ್ದಾಗ ಬನಶಂಕರಿಗೆ ಬರುತ್ತಿದ್ದ ಬಸ್ಸಿನ ನಂಬರೇನು, ಎಲ್ಲಕ್ಕೂ ಅವನದೇ ಕೊನೆಯ ಮಾತು. ನನಗೆ ಸಂದೇಹವಿದ್ದುದು ಒಂದು ಚಿಕ್ಕ ವಿಷಯದಲ್ಲಿ.

“ಅಣ್ಣ, ದೊಡ್ಡಮ್ಮನ ಮನೇಲಿ ಹುಳುಮನೆ ಇತ್ತಲ್ಲ, ಅದಕ್ಕೆ ಕಿಟಕಿ ಇತ್ತಾ?”

“ಯಾವ ಹುಳು?”

“ರೇಷ್ಮೆ ಹುಳು ಕಣೋ.”

“ದೊಡ್ಡಮ್ಮನ ಮನೇಲಾ? ಏನೇ ಪುಟ್ಟಿ, ಅವ್ರೆಲ್ಲಿ ಹುಳು ಸಾಕಿದ್ರು? ಎಮ್ಮೆ ಸಾಕಿದ್ರು. ನೀನು ಯಾವುದೋ ಟೀವೀಲಿ ನೋಡಿರ್ಬೇಕು.”

“ಇಲ್ಲ ಅಣ್ಣ, ನೀನೇ ನನ್ನ ಬಾಯಿ ಮುಚ್ಚಿದ್ದೆ...”

“ಈಗ್ಲೂ ಮುಚ್ಬೇಕು ಅನ್ಸತ್ತೆ” ಎಂದು ನಕ್ಕ. “ಅಮ್ಮನ ಥರ ಶುರು ಮಾಡ್ಬೇಡ ಕಣೇ.”

ತಮಾಷೆಗೆ ಅಂದದ್ದು. ಅವನಿಗೆ ಅದು ಎಲ್ಲಿ ನಾಟಿತೆಂದು ಗೊತ್ತಾಗುವಂತಿರಲಿಲ್ಲ. ನಾನು ಫೋನಿಟ್ಟು ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತೆ.

ಅಮ್ಮನ ಕಾಯಿಲೆ ಮರೆವಿನಿಂದ ಶುರುವಾಗಲಿಲ್ಲ. ನೆನಪಿನಿಂದ ಶುರುವಾಯಿತು. ಅಮ್ಮ ಇದ್ದಕ್ಕಿದ್ದಂತೆ ಕಥೆಗಳನ್ನು ಹೇಳತೊಡಗಿದರು. ತೆಲುಗು ಮಾತಾಡುತ್ತಿದ್ದ ಒಂದು ಗಿಳಿ, ಕೊಳದ ಮೆಟ್ಟಿಲ ಮೇಲೆ ಕಳೆದುಹೋದ ಬೆಂಡೋಲೆ, ಅದನ್ನು ಹುಡುಕಿಕೊಟ್ಟ ಮೂಗಿ ಹೆಂಗಸು. ಎಷ್ಟು ಚಂದದ ಕಥೆಗಳು! ಸೀರೆಯ ಅಂಚಿನ ಬಣ್ಣ, ಪಾಯಸದ ಗಸಗಸೆ, ಬಂದವರ ಕೆಮ್ಮು, ಒಂದನ್ನೂ ಬಿಡುತ್ತಿರಲಿಲ್ಲ. ವಯಸ್ಸಾದಂತೆ ಅಮ್ಮನ ಬಾಲ್ಯ ತೆರೆದುಕೊಳ್ಳುತ್ತಿದೆ ಎಂದು ನಾವು ಸುತ್ತ ಕೂತು ಕೇಳುತ್ತಿದ್ದೆವು, ಮತ್ತೆ ಹೇಳು ಎನ್ನುತ್ತಿದ್ದೆವು. ಒಂದು ದಿನ ಅಣ್ಣನ ನಾಮಕರಣದ ಕಥೆ ಬಂತು. ದೊಡ್ಡ ತೊಟ್ಟಿಮನೆ, ಕಂಬಕ್ಕೆಲ್ಲ ಬಾಳೆಕಂದು, ಓಲಗದವನು ಕುಡಿದು ಬಂದು ತೊಟ್ಟಿಲಿಗೆ ಎಡವಿದ್ದು. ಮೂಲೆಯಲ್ಲಿ ಕೂತಿದ್ದ ಅಪ್ಪ ಮೆಲ್ಲಗೆ ಕೇಳಿದರು. “ಅದು ಯಾರ ಮನೆ? ನಾವು ಆಗ ಒಂದೇ ರೂಮಿನ ಬಾಡಿಗೆ ಮನೇಲಿದ್ವಲ್ಲ.” ಅಮ್ಮ ಅಪ್ಪನನ್ನು ಪರಕೀಯನನ್ನು ನೋಡುವಂತೆ ನೋಡಿದರು. ನಮಗೆ ಆಗ ಅರ್ಥವಾಯಿತು. ಗಿಳಿಯೂ ಇರಲಿಲ್ಲ, ಬೆಂಡೋಲೆಯೂ ಇರಲಿಲ್ಲ. ಮರೆವು ಬಂದದ್ದು ಆಮೇಲೆ, ನಿಧಾನವಾಗಿ, ಖಾಲಿಯಾದ ಮನೆಯನ್ನು ಗುಡಿಸುವಂತೆ.

ಅಂದಿನಿಂದ ನನಗೆ ವಿವರ ಎಂದರೆ ಭಯ. ಯಾರಾದರೂ ನಲವತ್ತು ವರ್ಷದ ಹಿಂದಿನ ಮಾತನ್ನು ಅಲ್ಪವಿರಾಮ ಸಹಿತ ಹೇಳಿದರೆ ನನಗೆ ಮೆಚ್ಚುಗೆಯಾಗುವುದಿಲ್ಲ, ಬೆವರುತ್ತದೆ. ದಿನಚರಿ ಬರೆಯುವ ಅಭ್ಯಾಸ ಮಾಡಿಕೊಂಡದ್ದೂ ಇದೇ ಕಾರಣಕ್ಕೆ. ಏನಾಯಿತೋ ಅದನ್ನು ಅಂದೇ, ಬಣ್ಣ ಹತ್ತುವ ಮೊದಲೇ ಬರೆದಿಟ್ಟುಬಿಡುವುದು. ಆದರೆ ಹುಳುಮನೆಯ ಕಾಲಕ್ಕೆ ನನಗಿನ್ನೂ ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ ಅಮ್ಮ ಈಗಿಲ್ಲ. ದೊಡ್ಡಮ್ಮ ದೊಡ್ಡಪ್ಪ ತೀರಿಹೋಗಿ ಎಷ್ಟೋ ಕಾಲ. ಅವರಿಗೆ ಮಕ್ಕಳಿರಲಿಲ್ಲ. ಕೇಳಬಹುದಾದ ಒಬ್ಬನೇ ಒಬ್ಬ ಅಣ್ಣ, ಅವನು ಎಮ್ಮೆ ಎನ್ನುತ್ತಾನೆ. ಎಮ್ಮೆ ಇದ್ದದ್ದು ನನಗೂ ನೆನಪಿದೆ. ಹಾಗಾದರೆ ಹುಳು? ನೀರಿನ ಬಟ್ಟಲು, ಸುಣ್ಣದ ಪುಡಿ, ಸೊಪ್ಪಿನ ವಾಸನೆಯ ಕೈ, ಇವೂ ಗಿಳಿಯ ಜಾತಿಯವೇ?

ಮೇಘನಾ ತನಗೆ ತೋಚಿದಂತೆ ಸಮಾಧಾನ ಮಾಡಿದಳು. “ನೆಟ್ಟಲ್ಲಿ ನೋಡ್ದೆ ಅಮ್ಮ. ಚರ್ಮ ಬಿಡೋ ಟೈಮಲ್ಲಿ ಹುಳು ನಿಜವಾಗ್ಲೂ ತಲೆ ಎತ್ಕೊಂಡೇ ಇರತ್ತಂತೆ. ನೀನು ಹೇಳಿದ್ದು ಸರಿ.”

“ಹುಳುವಿನ ವಿಷಯ ಸರಿ ಕಣೇ. ನಾನು ಅಲ್ಲಿದ್ದೆ ಅನ್ನೋದು?”

“ಮತ್ತೆ ಹೇಗೆ ಗೊತ್ತಾಯ್ತು ನಿಂಗೆ?”

“ನಾನಿರೋದು ಪುಸ್ತಕಗಳ ಮಧ್ಯೆ. ಎಲ್ಲೋ ಓದಿರಬಹುದು. ಓದಿದ್ದನ್ನ ತಲೆ ಕದ್ದು, ಅದಕ್ಕೆ ಅಣ್ಣನ ಕೈ ಅಂಟಿಸಿರಬಹುದು.”

ಅವಳು ಮತ್ತೆ ಫೋನಿನಲ್ಲಿ ಹುಡುಕತೊಡಗಿದಳು.

ಭಯಕ್ಕೆ ಒಂದು ಕೆಟ್ಟ ಗುಣವಿದೆ, ಅದು ನಮ್ಮನ್ನು ಪರೀಕ್ಷಕರನ್ನಾಗಿ ಮಾಡುತ್ತದೆ. ಸ್ನಾನದ ಮನೆಯಲ್ಲಿ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಒಪ್ಪಿಸಿಕೊಳ್ಳತೊಡಗಿದೆ. ಬಸ್ಸಿನಲ್ಲಿ ಕೂತು ಮುಂದಿನ ನಿಲ್ದಾಣವನ್ನು ಕಂಡಕ್ಟರ್ ಕೂಗುವ ಮೊದಲೇ ಪಿಸುಗುಟ್ಟುತ್ತಿದ್ದೆ. ಪಕ್ಕದ ಹುಡುಗಿ ಜಪ ಮಾಡುತ್ತಿದ್ದೇನೆಂದು ತಿಳಿದು ಜಾಗ ಬಿಟ್ಟು ಕೂತಳು. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಗೇಟಿನಿಂದ ವಾಪಸು ಬಂದು, ಬಂದದ್ದು ಯಾಕೆಂಬುದನ್ನು ಅಡುಗೆಮನೆಯಲ್ಲಿ ಮರೆತು ನಿಂತು, ಅದಕ್ಕಾಗಿ ಇನ್ನಷ್ಟು ಹೆದರಿದೆ. ಗಂಡನನ್ನು ಕೇಳಿದೆ, ನಾನು ಈಚೆಗೆ ಹೇಳಿದ್ದನ್ನೇ ಹೇಳುತ್ತೇನೆಯೇ ಎಂದು.

“ಮದುವೆಯಾದಾಗಿನಿಂದ” ಎಂದರು.

“ತಮಾಷೆ ಬೇಡ ರೀ.”

“ತಮಾಷೆ ಅಲ್ಲ. ಇವತ್ತು ಯಾವ ವಾರ ಅಂತ ಮಾತ್ರ ನನ್ನ ಕೇಳ್ಬೇಡ. ರಿಟೈರ್ ಆದೋರಿಗೆ ವಾರ ಎಲ್ಲಿದೆ?”

ಎಲ್ಲ ಪರೀಕ್ಷೆಗಳಲ್ಲೂ ಅತಿ ಮೂರ್ಖತನದ್ದು ಆಟದ್ದು. ನನ್ನೊಳಗೆ ನಾನೇ ಒಂದು ಹರಕೆ ಕಟ್ಟಿಕೊಂಡೆ. ಈ ಸಲದ ಹುಳುಗಳನ್ನು ಒಂದು ಹೊತ್ತೂ ಮರೆಯದೆ ಸಾಕಿ ಗೂಡಿಗೆ ಏರಿಸಿದರೆ ನನ್ನ ತಲೆ ನೆಟ್ಟಗಿದೆ ಎಂದರ್ಥ. ವಿಶ್ವವಿದ್ಯಾಲಯದಲ್ಲಿ ಓದಿದವಳು ಇಂಥ ಲೆಕ್ಕಾಚಾರಕ್ಕೆ ಇಳಿಯಬಾರದು ಎಂದು ನನಗೂ ಗೊತ್ತು. ಆದರೂ ಮೇವಿನ ಹೊತ್ತಿಗೆ ಕೂಗುವ ಆ ಸದ್ದನ್ನು ಫೋನಿನಲ್ಲಿ ಜೋರು ಮಾಡಿಟ್ಟೆ. ತರಕಾರಿ ಅಂಗಡಿಯವನು ಹಿಂದೆ ಸರಿದದ್ದು ಆಗಲೇ. ಕಾಲೇಜಿನಲ್ಲಿ ಊಟದ ಡಬ್ಬಿ ತೆರೆಯುವ ಮೊದಲು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆ. ಸೊಪ್ಪು ಮುಗಿದರೆ ತೋಳಗಳ ಕಣಿವೆ ದಾಟಿ ಹೋಗಿ ಕಿತ್ತು ತರುತ್ತಿದ್ದೆ. ಹುಳುಗಳು ಬೆಳೆದವು, ಬಿಳಿಯಾದವು, ದಪ್ಪಗಾದವು. ಇನ್ನೇನು ಗೂಡು ಕಟ್ಟುವ ಸಮಯ.

ಒಂದು ಬೆಳಗ್ಗೆ ಪೆಟ್ಟಿಗೆ ತೆರೆದರೆ ಎಲ್ಲವೂ ಬೂದಿ ಬಣ್ಣಕ್ಕೆ ತಿರುಗಿ ಸತ್ತಿದ್ದವು. ‘ಮೇವಿಲ್ಲದೆ’ ಎಂದು ಬರೆದಿತ್ತು.

ನಾನು ಹಾಕಿದ್ದೆ. ಹಿಂದಿನ ಸಂಜೆ, ಕುಕ್ಕರಿನ ಸೀಟಿಗೆ ಕಾಯುತ್ತ, ಎಡಗೈಯಲ್ಲಿ ಫೋನ್ ಹಿಡಿದು ಹಾಕಿದ್ದೆ. ಸೊಪ್ಪಿನ ಕಟ್ಟು ಪೆಟ್ಟಿಗೆಗೆ ಬಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ಅಷ್ಟು ಕಣ್ಣಿಗೆ ಕಟ್ಟಿದೆ ಎಂಬುದೇ ನನ್ನನ್ನು ಹೆದರಿಸಿತು. ಓಲಗದವನು ತೊಟ್ಟಿಲಿಗೆ ಎಡವಿದ್ದೂ ಅಮ್ಮನ ಕಣ್ಣಿಗೆ ಹೀಗೆಯೇ ಕಟ್ಟಿತ್ತಲ್ಲವೇ? ಕಾಲೇಜಿಗೆ ರಜೆ ಹಾಕಿ ಮಂಚದ ಮೇಲೆ ಕೂತುಬಿಟ್ಟೆ.

ಸಂಜೆ ಮೇಘನಾ ಬಂದವಳು ಚಪ್ಪಲಿಯನ್ನೂ ಬಿಡದೆ ಫೋನ್ ನೋಡಿ ನಕ್ಕಳು. “ಅಯ್ಯೋ ಅಮ್ಮ, ನಿನ್ನೆ ಅವ್ರ ಸರ್ವರ್ ಕೆಟ್ಟೋಗಿತ್ತಂತೆ. ಎಲ್ಲರ ಹುಳೂನೂ ಸತ್ತಿವೆ, ಜನ ಬೈತಾ ಇದ್ದಾರೆ ನೋಡಿಲ್ಲಿ. ಕೆಟ್ಟಿರೋದು ನಿನ್ನ ತಲೆ ಅಲ್ಲ, ಅವ್ರದ್ದು.”

ನೋಡಿದೆ. ನಿಜ. ಎಲ್ಲೆಲ್ಲಿಯದೋ ಜನ ತಮ್ಮ ತಮ್ಮ ಹುಳುಗಳಿಗಾಗಿ ಗೋಳಾಡುತ್ತಿದ್ದರು. ನಾನೂ ನಕ್ಕೆ. ಆದರೆ ಆ ದಿನವಿಡೀ ಮಂಚದ ಮೇಲೆ ಕೂತಿದ್ದೆನಲ್ಲ, ಅದು ನನಗೆ ಒಂದು ತೀರ್ಮಾನ ಕೊಟ್ಟಿತ್ತು. ಹೀಗೆ ದಿನ ದೂಡಲಾಗದು, ಡಾಕ್ಟರಿಗೆ ತೋರಿಸಿಬಿಡಬೇಕು. ಅದಕ್ಕೂ ಮೊದಲು ಅಣ್ಣನ ಎದುರು ಕೂತು ಇನ್ನೊಮ್ಮೆ ಕೇಳಬೇಕು. ಫೋನಿನಲ್ಲಿ ಕೇಳುವುದು ಬೇರೆ, ಮುಖ ನೋಡಿ ಕೇಳುವುದು ಬೇರೆ. ಅವನು ಮುಖಕ್ಕೆ ಮುಖ ಕೊಟ್ಟು ಇಲ್ಲ ಎಂದರೆ ಇಲ್ಲ.

ಭಾನುವಾರ ಜಯನಗರಕ್ಕೆ ಹೋದೆ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ನಡೆದು ಹೋಗುವಷ್ಟು ಹತ್ತಿರ ಅಣ್ಣನ ಮನೆ. ಬಾಗಿಲು ತೆಗೆದವನು ಎಂದಿನಂತೆ, “ಬಂದ್ಯಾ ಪುಟ್ಟಿ? ಇರು, ಕಾಫಿಪುಡಿ ಮುಗಿದಿದೆ, ಫ್ರೆಶ್ಶಾಗಿ ಪುಡಿ ಮಾಡಿಸ್ಕೊಂಡು ಬರ್ತೀನಿ” ಎಂದು ಚೀಲ ಹಿಡಿದು ಹೊರಟ. ಅತ್ತಿಗೆ ಸುಮಿತ್ರಾ ಅಡುಗೆಮನೆಯಿಂದ ಹೊರಬಂದು ಅವನು ಗೇಟು ದಾಟುವವರೆಗೂ ಕಿಟಕಿಯಲ್ಲಿ ನೋಡುತ್ತ ನಿಂತರು. ನನಗೆ ಅದು ವಿಚಿತ್ರವೆನಿಸಲಿಲ್ಲ. ನನ್ನದೇ ಚಿಂತೆ ನನಗೆ.

ಅತ್ತಿಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಸಾಸಿವೆ ಸಿಡಿದು ಇಂಗಿನ ಘಮ ಎದ್ದಿತು. ನಾನು ಬಾಗಿಲಿಗೆ ಒರಗಿ, ಬಂದ ಕಾರಣವನ್ನು ಹೇಳಿಬಿಟ್ಟೆ. ಹುಳುಮನೆ, ಅಣ್ಣ ಇಲ್ಲವೆಂದದ್ದು, ಅಮ್ಮನಂತೆ ನನಗೂ ಆಗುತ್ತಿದೆಯೇನೋ ಎಂಬ ಭಯ. ಅತ್ತಿಗೆ ಒಗ್ಗರಣೆ ಸೌಟನ್ನು ಕೆಳಗಿಟ್ಟು ನನ್ನತ್ತ ತಿರುಗಿದರು.

“ಹುಳು ಇರಲಿಲ್ಲ ಅಂದ್ರಾ ಅವ್ರು?”

“ಎಮ್ಮೆ ಇತ್ತು ಅಂದ.”

“ನಾನು ಈ ಮನೆಗೆ ಬಂದ ಹೊಸದ್ರಲ್ಲಿ, ಒಗ್ಗರಣೆ ಹಾಕ್ದಾಗೆಲ್ಲ ಅವ್ರು ಇದೇ ಬಾಗಿಲಲ್ಲಿ ನಿಂತ್ಕೊಂಡು ಅದನ್ನೇ ಹೇಳ್ತಿದ್ರು. ಹುಳು ಇರೋವಾಗ ದೊಡ್ಡಮ್ಮ ಮನೇಲಿ ಒಗ್ಗರಣೆ ಹಾಕ್ತಿರಲಿಲ್ವಂತೆ, ಆ ಘಾಟು ಹುಳಕ್ಕೆ ಆಗಲ್ಲ ಅಂತ. ಎದುರು ಮನೇಲಿ ಹಾಕ್ಕೊಂಡು, ಸೌಟಿನ ಮೇಲೆ ತಟ್ಟೆ ಮುಚ್ಚಿ, ಬೀದಿ ದಾಟಿ ಬರ್ತಿದ್ರಂತೆ. ಅಷ್ಟರಲ್ಲಿ ಅದರ ಸದ್ದೇ ಹೋಗಿರ್ತಿತ್ತು, ತಣ್ಣಗಿನ ಒಗ್ಗರಣೆ ತಿಂದು ಬೆಳೆದೋರು ನಾವು ಅಂತ ನಗೋರು.”

ಬೀದಿ ದಾಟುವ ದೊಡ್ಡಮ್ಮ ನನಗೂ ಕಂಡರು. ಅಥವಾ ಅತ್ತಿಗೆ ಹೇಳಿದ್ದರಿಂದ ಕಂಡರು. ಇನ್ನು ಮೇಲೆ ನಾನು ಅದನ್ನು ಬೇರ್ಪಡಿಸಲಾರೆ. ಆದರೆ ಅತ್ತಿಗೆ ಇನ್ನೊಂದು ಮಾತು ಸೇರಿಸಿದರು.

“ನೀವು ಹುಳಗಳನ್ನ ನೋಡಿ ಹೆದರಿ ಕಿರುಚೋಕೆ ಹೋದ್ರಂತೆ. ಅವ್ರು ಬಾಯಿ ಮುಚ್ಚಿದ್ದಕ್ಕೆ ಕೈ ಕಚ್ಚಿಬಿಟ್ರಂತೆ. ಇಲ್ಲಿ ನೋಡು, ನನ್ನ ತಂಗಿ ಹಲ್ಲು ಅಂತ ಹೆಬ್ಬೆರಳ ಹತ್ರ ಗುರುತು ಬೇರೆ ತೋರಿಸ್ತಿದ್ರು.”

ಕಚ್ಚಿದ್ದು ನನಗೆ ಸ್ವಲ್ಪವೂ ನೆನಪಿಲ್ಲ. ನನಗೆ ನೆನಪಿಲ್ಲದ್ದೇ ನನಗೆ ಸಾಕ್ಷಿಯಾಯಿತು. ಹುಳುಮನೆ ಇತ್ತು. ನಾನು ಅಲ್ಲಿದ್ದೆ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಂತೋಷವಾಯಿತು, ಬರೀ ಸಂತೋಷ.

ಆಮೇಲೆ ಅತ್ತಿಗೆಯ ಮುಖ ನೋಡಿದೆ.

“ಹಾಗಾದ್ರೆ ಅಣ್ಣ...” ಎಂದೆ.

“ಯಾರಿಗೂ ಹೇಳಿಲ್ಲ ನಾನು” ಎಂದರು ಅತ್ತಿಗೆ. ದನಿ ತಗ್ಗಿತ್ತು. “ಮೊನ್ನೆ ಕಾಂಪ್ಲೆಕ್ಸಿಗೆ ಹೋದೋರು ಹಿಂದಿನ ಕ್ರಾಸಲ್ಲಿ ಯಾರ್ದೋ ಮನೆ ಗೇಟು ತೆಗೀತಿದ್ರಂತೆ. ಆ ಮನೆಯೋರೇ ಕರ್ಕೊಂಡು ಬಂದು ಬಿಟ್ರು. ನಾನು ಕೇಳಿದ್ರೆ, ಮಾತಾಡಿಸೋಕೆ ಹೋಗಿದ್ದೆ ಅಂದ್ರು. ಡಾಕ್ಟರ್ ಅನ್ನೋ ಹಾಗಿಲ್ಲ. ಉರಿದು ಬೀಳ್ತಾರೆ. ನನಗೇನಾಗಿದೆ, ನಮ್ಮ ವಂಶದಲ್ಲಿ ನನಗಿರೋಷ್ಟು ಜ್ಞಾಪಕಶಕ್ತಿ ಯಾರಿಗಿದೆ ಅಂತಾರೆ.”

ಯಾರಿಗಿದೆ? ಯಾರಿಗೂ ಇರಲಿಲ್ಲ. ಅದಕ್ಕೇ ತಾನೆ ಅವನು ಇಲ್ಲವೆಂದಾಗ ನಾನು ನನ್ನ ಕಣ್ಣನ್ನೇ ನಂಬದೆ ಹೋದದ್ದು. ‘ಯಾವ ಹುಳು?’ ಎಂದು ಅವನು ಫೋನಿನಲ್ಲಿ ಕೇಳಿದ್ದು ಮತ್ತೆ ಕಿವಿಯಲ್ಲಿ ಕೇಳಿತು. ಆ ಎರಡು ಪದಗಳಲ್ಲಿ ತಮಾಷೆ ಇರಲಿಲ್ಲ. ತಮಾಷೆ ಬಂದದ್ದು ಆಮೇಲೆ, ಮುಚ್ಚಿಕೊಳ್ಳುವುದಕ್ಕೆ. ನನಗೆ ನನ್ನ ಭಯದ ಗದ್ದಲದಲ್ಲಿ ಕೇಳಿಸಿರಲಿಲ್ಲ, ಅಷ್ಟೇ. ನನ್ನದೆಂದು ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದು ಅವನದಾಗಿತ್ತು. ಕೆಳಗಿಳಿಸಿದರೆ ಹಗುರಾಗಬೇಕಿತ್ತು. ಆಗಲಿಲ್ಲ.

ಗೇಟಿನ ಸದ್ದಾಯಿತು. ಅತ್ತಿಗೆ ಸರಕ್ಕನೆ ಒಲೆಯತ್ತ ತಿರುಗಿದರು. ಅಣ್ಣ ಕಾಫಿಪುಡಿಯ ಪೊಟ್ಟಣವನ್ನು ಮೂಗಿಗೆ ಹಿಡಿದುಕೊಂಡು ಒಳಗೆ ಬಂದ.

“ಏನೇ ಪುಟ್ಟಿ, ಹುಳು ಬಿಡ್ತಾ ನಿನ್ನ ತಲೆಯಿಂದ? ಇಲ್ಲ ಇನ್ನೂ ಇದೆಯಾ?”

ಅತ್ತಿಗೆಯ ಕೈ ಸೌಟಿನ ಮೇಲೆ ನಿಂತುಬಿಟ್ಟಿತು. ಹುಳು ಇತ್ತು ಅಣ್ಣ, ನಿನ್ನ ಹೆಬ್ಬೆರಳು ತೋರಿಸು ಎಂದು ಹೇಳಬಹುದಿತ್ತು. ತೋರಿಸುತ್ತಿದ್ದನೋ ಏನೋ. ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ 'ಇದೇನು ಗುರುತು?' ಎಂದು ಕೇಳಿದ್ದರೆ? ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

“ನೀನು ಹೇಳಿದ್ದೇ ಸರಿ ಅಣ್ಣ” ಎಂದೆ. “ಹುಳು ಇರಲಿಲ್ಲ. ನನಗೇ ಏನೋ ಆಗ್ತಾ ಇದೆ. ಅಮ್ಮನ ಥರ.”

ಅವನ ನಗು ಮಾಯವಾಯಿತು. ಪೊಟ್ಟಣ ಕೆಳಗಿಟ್ಟು ನನ್ನ ಪಕ್ಕ ಬಂದು ಕೂತ. “ಛೆ, ಏನೂ ಆಗಿರಲ್ಲ. ತಮಾಷೆಗಂದೆ ಕಣೇ.”

“ಡಾಕ್ಟರ್‌ಗೆ ತೋರಿಸ್ಬೇಕು ಅಂತಿದ್ದೀನಿ. ಒಬ್ಬಳೇ ಹೋಗೋಕೆ ಭಯ.”

“ಒಬ್ಬಳೇ ಯಾಕೆ ಹೋಗ್ತೀಯ? ನಾನು ಸತ್ತಿದ್ದೀನಾ? ನಾನು ಬರ್ತೀನಿ.”

“ಅಮ್ಮನಿಗೆ ಇತ್ತಲ್ಲ, ಅದಕ್ಕೆ ಇಬ್ಬರು ಮಕ್ಕಳನ್ನೂ ಒಟ್ಟಿಗೇ ನೋಡಿದ್ರೆ ಒಳ್ಳೇದು. ನೀನೂ ತೋರಿಸ್ಕೊಂಡ್ರೆ ನನಗೊಂಚೂರು ಧೈರ್ಯ.”

ಅವನ ಮುಖದ ಮೇಲೆ ಏನೋ ಬಂದು ಹೋಯಿತು. ನಾನು ಅದನ್ನು ಓದಲು ಪ್ರಯತ್ನಿಸಲಿಲ್ಲ.

“ಆಯ್ತು” ಎಂದ. “ನಿನಗೋಸ್ಕರ.”

ವಾರ ಕಳೆಯುವುದರೊಳಗೆ ಅತ್ತಿಗೆಯೇ ಹತ್ತಿರದ ಕ್ಲಿನಿಕ್ಕಿನಲ್ಲಿ ಇಬ್ಬರ ಹೆಸರನ್ನೂ ಬರೆಸಿದರು. ಅಣ್ಣ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಆಟೋದಲ್ಲಿ ನನ್ನ ಪಕ್ಕ ನೆಟ್ಟಗೆ ಕೂತು, ದಾರಿಯುದ್ದಕ್ಕೂ ನನಗೆ ಧೈರ್ಯ ಹೇಳಿದ. ಕೌಂಟರಿನ ಹುಡುಗಿ, “ಪೇಷೆಂಟ್ ಯಾರು ಸಾರ್?” ಎಂದಾಗ ನನ್ನ ಹೆಗಲ ಮೇಲೆ ಕೈಯಿಟ್ಟು, “ಇವಳು, ನನ್ನ ತಂಗಿ. ಸ್ವಲ್ಪ ಪುಕ್ಕಲಿ. ಮೆತ್ತಗೆ ಮಾತಾಡಿಸಿ” ಎಂದ. ಅತ್ತಿಗೆ ಮುಖವನ್ನು ಆಚೆ ತಿರುಗಿಸಿದರು.

ಕಾಯುತ್ತ ಕೂತೆವು. ಮೊದಲು ಕರೆದದ್ದು ನನ್ನ ಹೆಸರನ್ನು. ಅವನ ತಲೆಯ ಬಗ್ಗೆ ಭಯ, ಹಾಗೆಂದು ನನ್ನ ತಲೆಯ ಬಗ್ಗೆ ಭಯ ಹೋಗಿತ್ತು ಎಂದಲ್ಲ; ಒಂದೇ ಅಮ್ಮನ ಮಕ್ಕಳು ನಾವು. ನಾನು ಏಳದ್ದನ್ನು ನೋಡಿ ಅಣ್ಣನೇ ಎದ್ದು ನಿಂತ.

“ಕೂತ್ಕೋ. ನಾನು ಮೊದಲು ಹೋಗಿ ಬರ್ತೀನಿ. ಏನೇನು ಕೇಳ್ತಾರೆ ಅಂತ ನಿನಗೆ ಬಂದು ಹೇಳ್ತೀನಿ. ಆಮೇಲೆ ನಿನಗೆ ಸುಲಭ.”

ಬಾಗಿಲವರೆಗೆ ಗಟ್ಟಿ ಹೆಜ್ಜೆಯಿಟ್ಟು ಹೋದ. ಹಿಡಿಯ ಮೇಲೆ ಕೈಯಿಟ್ಟವನು ತಿರುಗಿ ನಮ್ಮ ಸಾಲನ್ನು ನೋಡಿದ, ಕಣ್ಣಲ್ಲಿ ನನ್ನನ್ನು ಹುಡುಕಿದ.

“ಪುಟ್ಟಿ, ಎಲ್ಲೂ ಹೋಗಲ್ಲ ತಾನೆ? ಇಲ್ಲೇ ಇರ್ತೀಯಲ್ಲ?”

ಆ ದನಿ ಧೈರ್ಯ ಹೇಳುವವನದಾಗಿರಲಿಲ್ಲ.

“ಇಲ್ಲೇ ಇರ್ತೀನಿ ಅಣ್ಣ” ಎಂದೆ.